ಇನ್ನೊಂದು ಮುಚ್ಚಳ

ಶಿರಗುಪ್ಪಿಯ ಶಾಲೆಯಲ್ಲಿ ನಾನು ಕಲಿಸುತ್ತಿದ್ದಾಗ ನನ್ನ ವಿದ್ಯಾರ್ಥಿ ಹನಮೇಶನು ಊರಿನ ಯಾರ ದನಿಯನ್ನು ಬೇಕಾದರೂ ಹಾಗೆಯೇ ತೆಗೆಯುತ್ತಿದ್ದನು. ನನ್ನ ಕೆಮ್ಮನ್ನೂ ಬಿಟ್ಟವನಲ್ಲ. ತಂದೆಯಿಲ್ಲದ ಅವನನ್ನು ಸಾಕಿದವನು ಅಣ್ಣ ಶಿದ್ದಪ್ಪ. ತಮ್ಮನಿಗೆ ನಾಟಕದ ಹುಚ್ಚೆಂದು ತಿಳಿದು, ಹುಬ್ಬಳ್ಳಿಗೆ ಯಾವ ಕಂಪನಿ ಬಂದರೂ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಒಯ್ದು ತೋರಿಸುತ್ತಿದ್ದನು.

ಈಗ ಹನಮೇಶನಿಗೆ ನಲವತ್ತು ದಾಟಿದೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದು ಮೆಣಸಿನಕಾಯಿ ಬೆಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಧಾರವಾಡದ ಒಂದು ಸಂಸ್ಥೆಯವರು, ರೈತರು ಕೀಟನಾಶಕವನ್ನು ಕಡಿಮೆ ಮಾಡಲೆಂದು, ರೇಡಿಯೋಕ್ಕೆ ನಗೆನಾಟಕದ ಮಾಲಿಕೆಯನ್ನು ಸಿದ್ಧಪಡಿಸಿದರು. ಅದರಲ್ಲಿ ಮಿತಿಮೀರಿ ಸಿಂಪಡಿಸುವ ರೈತನ ಪಾತ್ರ ಹನಮೇಶನ ಪಾಲಿಗೆ ಬಂತು.

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುವುದು ರೂಢಿ. ಶಿದ್ದಪ್ಪನು ಅದನ್ನು ಡಬ್ಬಿಯ ಮುಚ್ಚಳದಿಂದ ಅಳೆದು ನೀರಿಗೆ ಹಾಕಿ, ಬಾಗಿ ಮೂಸಿ ನೋಡಿ, "ಘಾಟ ಸಾಲವಲ್ದು. ಇರ್ಲಿ, ಇನ್ನೊಂದ ಮುಚ್ಚಳ" ಎನ್ನುತ್ತಿದ್ದನು. ಒಮ್ಮೆ ಸಿಂಪಡಿಸುತ್ತಿರುವಾಗಲೇ ತಲೆ ತಿರುಗಿ ಬಿದ್ದಿದ್ದನು. ಆದರೂ ತಮ್ಮನ ಮಾತಿಗೆ ಕಿವಿಗೊಡಲಿಲ್ಲ.

"ಹೇಳಿದ್ರ ಕೇಳಂಗಿಲ್ಲ ಸರ. ರೇಡಿಯೋದಾಗ ತನ್ನ ದನಿ ಕೇಳಿ ನಕ್ಕರ ಬಿಟ್ಟಾನು" ಎಂದು ಹನಮೇಶ ನನ್ನೆದುರು ಹೇಳಿದ್ದನು.

ಧಾರವಾಡದ ಮಾಳಮಡ್ಡಿಯ ನನ್ನ ಮನೆಯಲ್ಲಿ ನಾನು ಮೊದಲ ಕಂತನ್ನು ಕೇಳಿದಾಗ ಶಿದ್ದಪ್ಪನೇ ಒಳಗೆ ಬಂದು ಕುಳಿತಂತಾಯಿತು. ಆ ದನಿ ಎಲ್ಲರ ಮೊಬೈಲುಗಳಿಗೂ ಹಬ್ಬಿತು. ಚಹಾಕ್ಕೆ ಸಕ್ಕರೆ ಕೇಳುವವರೂ "ಇನ್ನೊಂದ ಮುಚ್ಚಳ" ಎನ್ನತೊಡಗಿದರು. ಸುತ್ತಲಿನ ಎಷ್ಟೋ ರೈತರು ಆ ಹೆಚ್ಚಿನ ಮುಚ್ಚಳವನ್ನು ಬಿಟ್ಟದ್ದೂ ನಿಜ.

ಆ ವರ್ಷ ಶಿದ್ದಪ್ಪನು ಮೆಣಸಿನಕಾಯಿ ಚೀಲಗಳೊಡನೆ ಅಮರಗೋಳದ ಮಾರುಕಟ್ಟೆಗೆ ಹೋದನು. ಚೀಲ ಇಳಿಸಲು ಬಂದ ಹಮಾಲ ಹುಲಗಪ್ಪನು ಅವನ ದನಿ ಕೇಳಿದವನೇ, "ಮುಚ್ಚಳದ ಕಾಕಾ ಬಂದಾರ ನೋಡ್ರೆಪಾ. ಮೂಗ ಕಟ್ಟಿಕೊಂಡ ಚೀಲಾ ಹೊರ್ರಿ" ಎಂದನು. ನೆರೆದವರೆಲ್ಲ ನಕ್ಕರು. ಶಿದ್ದಪ್ಪನು ಸಿಟ್ಟಿನಿಂದ ಮಾತಾಡಿದಷ್ಟೂ ನಗೆ ಹೆಚ್ಚಿತು. ಕೊನೆಗೆ ಅವನು ಬಾಯಿ ಮುಚ್ಚಿ, ಕೈಸನ್ನೆಯಲ್ಲೇ ವ್ಯಾಪಾರ ಮುಗಿಸಿ ಮನೆಗೆ ಬಂದನು.

"ನಿನಗ ನಾಟಕಾ ತೋರಿಸಿದ್ದು ಇದಕ್ಕೇನಪಾ?" ಎಂದು ತಮ್ಮನನ್ನು ಕೇಳಿದನು.

"ನೀ ಛಲೋ ಇರಬೇಕಂತ ಮಾಡೀನಿ, ಅಣ್ಣಾ."

ಶಿದ್ದಪ್ಪನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದನು. ಅಂದಿನಿಂದ ತಮ್ಮನೊಡನೆ ಮಾತು ನಿಂತಿತು. ಉಳಿದವರೊಡನೆಯೂ ಅಷ್ಟಕ್ಕಷ್ಟೇ. ಎರಡು ಹೊಲಗಳಾಚೆಗೆ ಕೇಳುವಂತೆ ಕೂಗಿ ಕರೆಯುತ್ತಿದ್ದವನು ಈಗ ಟವೆಲ್ಲು ಬೀಸಿ ಕರೆಯುತ್ತಾನೆ. ಹನಮೇಶನು ಕಾಲಿಗೆ ಬಿದ್ದನು, ಪಾತ್ರವನ್ನು ಬಿಟ್ಟನು. ಆದರೆ ಊರವರ ಬಾಯಿಗೆ ಹತ್ತಿದ ಮಾತನ್ನು ತಿರುಗಿ ಪಡೆಯುವುದು ಅವನಿಂದಾಗಲಿಲ್ಲ.

ಕಳೆದ ಭಾದ್ರಪದದಲ್ಲಿ ನಾನು ಅವರ ಹೊಲಕ್ಕೆ ಹೋಗಿದ್ದೆನು. ಶಿದ್ದಪ್ಪನು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಳತೆಯ ಲೋಟದಲ್ಲಿ ಗೆರೆ ನೋಡಿ ಎಣ್ಣೆ ಸುರಿದನು. ಹನಮೇಶನು ಬಕೆಟ್ಟು ಹಿಡಿದು ಅಣ್ಣನ ಮುಖವನ್ನೇ ನೋಡುತ್ತಿದ್ದನು. ಶಿದ್ದಪ್ಪನು ಮೂಸಿ ನೋಡಲಿಲ್ಲ. ಮುಚ್ಚಳ ತಿರುವಿ ಬಿಗಿದು, ಡಬ್ಬಿಯನ್ನು ಬದಿಗಿಟ್ಟು, ನೀರು ಹಾಕೆಂದು ಕೈ ಮಾಡಿದನು.

ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದ ಹನಮೇಶನು ಬದುವಿನ ಮೇಲೆ ನಿಂತನು.

"ಅಣ್ಣ ಬಾಯಿ ತೆಗದು ಇನ್ನೊಂದ ಮುಚ್ಚಳ ಅಂದಿದ್ರ ಸಾಕಾಗಿತ್ರಿ, ಸರ. ಜಗಳಾಡಿ ಬಿಡಸ್ತಿದ್ದೆ."