ಅಕ್ಕನ ಫೋನಿನಿಂದ ಬಂದ ಮೆಸೇಜು

ಅದು 2023ರ ಚಳಿಗಾಲ. ನಾನು ಆಗ ಭಾಲ್ಕಿಯ ಒಂದು ಠಾಣೆಯಲ್ಲಿ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಮೊಬೈಲ್ ಕಳವಿನ ದೂರುಗಳು ಮೊದಲು ನನ್ನ ಮೇಜಿಗೇ ಬರುತ್ತಿದ್ದವು. ಸಂತೆಯ ದಿನ, ಮದುವೆಯ ಹಂಗಾಮು, ಬಸ್ ನಿಲ್ದಾಣದ ನೂಕುನುಗ್ಗಲು ಎಂದರೆ ನಮಗೆ ಕೆಲಸ ಗ್ಯಾರಂಟಿ. ಬಂದವರಿಗೆ ಹೇಳುವ ಮಾತೂ ಬಾಯಿಪಾಠವಾಗಿತ್ತು: ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ, ದೂರು ಕೊಡಿ, ಆ ದೂರಿನ ಪ್ರತಿಯಿಂದ ಸಿಇಐಆರ್ ಎಂಬ ಸರ್ಕಾರಿ ಪೋರ್ಟಲಿನಲ್ಲಿ ಫೋನನ್ನೇ ಬ್ಲಾಕ್ ಮಾಡಿಸಿ. ಪ್ರತಿ ಫೋನಿಗೂ ಐಎಂಇಐ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಆ ಪೋರ್ಟಲಿನಲ್ಲಿ ಬ್ಲಾಕ್ ಮಾಡಿದರೆ ದೇಶದ ಯಾವ ಸಿಮ್ ಹಾಕಿದರೂ ಆ ಫೋನ್ ನಡೆಯುವುದಿಲ್ಲ.

ಆ ಮಧ್ಯಾಹ್ನ ಬಂದಾಕೆ ಮಹಾನಂದಾ, ಊರಿನ ಖಾಸಗಿ ಆಸ್ಪತ್ರೆಯೊಂದರ ನರ್ಸ್. ಡ್ಯೂಟಿ ಮುಗಿಸಿ ಮನೆಗೆ ಹೋಗಲು ಬಸ್ ಹತ್ತುವಾಗ ಬ್ಯಾಗಿನಿಂದ ಫೋನ್ ಹೋಗಿತ್ತು. ಬಿಳಿ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಮಾತಿನಲ್ಲಿ ಗಾಬರಿಗಿಂತ ಸಿಟ್ಟೇ ಹೆಚ್ಚಿತ್ತು.

“ಹೊಸ ಫೋನ್ರಿ ಮೇಡಂ. ಬಸ್ಸಿನ ಬಾಗಿಲದಾಗ ಒಬ್ಬಾಂವ ಮೈಮ್ಯಾಲೆ ಬಿದ್ದಾಂಗ ಮಾಡಿದ. ಮಾರಿಗಿ ಟವೆಲ್ ಸುತ್ಕೊಂಡಿದ್ದ. ಸೀಟಿನ್ಯಾಗ ಕೂತು ನೋಡಿದ್ರ ಬ್ಯಾಗಿನ ಚೈನ್ ತೆಗದಿತ್ತು.”

ನಾನು ನನ್ನ ಫೋನಿನಿಂದ ಅವಳ ನಂಬರಿಗೆ ಕರೆ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ, ಈ ಸಲ ಕರೆ ಕಟ್ ಆಯಿತು. ನನಗೆ ಅಲ್ಲೇ ಏನೋ ಸರಿಯಿಲ್ಲ ಎನಿಸಿತು. ಫೋನ್ ಕಳ್ಳ ಮೊದಲು ಮಾಡುವ ಕೆಲಸ ಸ್ವಿಚ್ ಆಫ್ ಮಾಡಿ ಸಿಮ್ ಕಿತ್ತೆಸೆಯುವುದು. ಅವನಿಗೆ ಬೇಕಾದ್ದು ಫೋನ್, ಅದರ ಒಳಗಿನ ಮಾತಲ್ಲ. ಈ ಫೋನು ಇನ್ನೂ ಚಾಲೂ ಇತ್ತು.

ಅವಳ ನಂಬರನ್ನು ಸೇವ್ ಮಾಡಿಕೊಂಡು ವಾಟ್ಸಾಪ್ ತೆರೆದೆ. ಅವಳ ಫೋಟೋದ ಪಕ್ಕದಲ್ಲಿ, ಹೆಸರಿನ ಕೆಳಗೆ ‘ಆನ್‌ಲೈನ್’ ಎಂದಿತ್ತು.

ಮಹಾನಂದಾ ಬಗ್ಗಿ ನೋಡಿದಳು. “ಅಂದ್ರ ಯಾರೋ ಓದ್ಲಕತ್ತಾರೇನ್ರಿ?”

“ಲಾಕ್ ಇರಲಿಲ್ಲೇನವ್ವ?”

“ಇತ್ತುರಿ. ಝಡ್ ಅಕ್ಷರದ ಪ್ಯಾಟರ್ನ್. ಎಷ್ಟೋ ವರ್ಷದಿಂದ ಅದೇ ಅದ. ಮನಿ ಮಂದಿಗಿ ಬಿಟ್ರ...”

ಅವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಕುರ್ಚಿಯ ಹಿಡಿಕೆ ಹಿಡಿದುಕೊಂಡು, “ಮೇಡಂ, ನನ್ನ ತಂಗಿ ನಂಬರ್ ಅದ್ರಾಗ ಅದರಿ,” ಎಂದಳು.

ತಂಗಿಯ ಹೆಸರು ಸುನೀತಾ. ಔರಾದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಸಂಜೀವ. ಅವನು ಅವಳ ಮಣಿಕಟ್ಟು ಮುರಿದಿದ್ದ. ಇನ್ನೊಂದು ಸಲ ಮಗುವಿನ ಎದುರಿಗೇ ಬಾವಿಯ ತನಕ ಎಳೆದುಕೊಂಡು ಹೋಗಿದ್ದ. ನ್ಯಾಯಾಲಯ ಅವಳಿಗೆ ರಕ್ಷಣಾ ಆದೇಶ ಕೊಟ್ಟಿತ್ತು. ಅವಳ ಹತ್ತಿರ ಅವನು ಸುಳಿಯುವಂತಿರಲಿಲ್ಲ. ಸುನೀತಾ ಪುಟ್ಟ ಮಗಳು ಶ್ರಾವಣಿಯನ್ನು ಕರೆದುಕೊಂಡು ಬೀದರಿನ ಮೈಲೂರಿನಲ್ಲಿ ಒಂದು ಕೋಣೆ ಹಿಡಿದು, ಹೊಲಿಗೆ ಕೆಲಸ ಮಾಡಿಕೊಂಡು ಬದುಕುತ್ತಿದ್ದಳು. ಆ ವಿಳಾಸ, ಅವಳ ಹೊಸ ನಂಬರು ಗೊತ್ತಿದ್ದುದು ಮಹಾನಂದಾಗೆ ಮಾತ್ರ. ಹೆತ್ತ ತಾಯಿಗೂ ಹೇಳಿರಲಿಲ್ಲ. ತಾಯಿ ಇರುವುದು ಔರಾದದಲ್ಲಿ, ಸಂಜೀವ ಅಲ್ಲಿಗೆ ಬಂದು ಹೋಗಿ ಮಾಡುತ್ತಿದ್ದ.

“ಅಂವಗ ನಿನ್ನ ಪ್ಯಾಟರ್ನ್ ಗೊತ್ತದ ಏನು?”

“ತಂಗಿ ಬಾಣಂತನದಾಗ ಅವರ ಮನಿಯಾಗ ಇದ್ನಿರಿ. ನನ್ನ ಫೋನಿನ್ಯಾಗೇ ಎಲ್ಲಾರೂ ಹಾಡ ನೋಡ್ತಿದ್ರು.”

“ತಂಗಿ ನಂಬರ್ ಹೇಳು. ಮೊದಲು ಆಕಿಗಿ ಫೋನ್ ಹಚ್ಚೋಣ.”

ಅವಳು ಬಾಯಿ ತೆರೆದಳು. ಮೊದಲ ಎರಡು ಅಂಕಿ ಹೇಳಿದಳು. ಮುಂದೆ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಹಣೆ ಹಣೆ ಬಡಿದುಕೊಂಡಳು. “ನೆನಪಿಲ್ರಿ. ಹೆಸರು ಒತ್ತಿದ್ರ ಹೋಗ್ತಿತ್ತು.”

ಸೇವೆಯಲ್ಲಿ ಹೆಣ ನೋಡಿದ್ದೇನೆ, ಗುಂಪಿನ ಕಲ್ಲು ನೋಡಿದ್ದೇನೆ. ಆದರೆ ಎಚ್ಚರಿಸಬೇಕಾದವಳು ಕೈಯಳತೆಯಲ್ಲಿ ಇದ್ದೂ ದನಿ ಮುಟ್ಟಿಸಲು ಆಗದ ಆ ಹೆದರಿಕೆಯೇ ಬೇರೆ.

ಗೂಗಲ್ ಖಾತೆಯಲ್ಲಿ ಹೆಸರು, ನಂಬರು ಎಲ್ಲ ಉಳಿದಿರುತ್ತವೆ, ಬೇರೆ ಫೋನಿನಿಂದ ತೆರೆಯಬಹುದು. ಆದರೆ ಅವಳಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ. ಹೊಸದು ಪಡೆಯಲು ಹೋದರೆ ಖಚಿತಪಡಿಸುವ ಸೂಚನೆ ಹೋಗುವುದು ಆ ಕದ್ದ ಫೋನಿಗೇ. ನಾವು ಬೆನ್ನು ಹತ್ತಿದ್ದೇವೆ ಎಂದು ಅವನಿಗೆ ನಾವೇ ಹೇಳಿದಂತಾಗುತ್ತಿತ್ತು. ಅದನ್ನು ಬಿಟ್ಟೆ.

ಇನ್ಸ್‌ಪೆಕ್ಟರರಿಗೆ ವಿಷಯ ತಿಳಿಸಿದೆ. ಅವರು ಬೀದರಿಗೆ ಫೋನ್ ಮಾಡಿ ಮೈಲೂರಿನ ಆ ಮನೆಗೆ ಪೊಲೀಸರನ್ನು ಕಳಿಸಲು ಹೇಳಿದರು. ಮನೆಯ ಗುರುತನ್ನು ಮಹಾನಂದಾ ಹೇಳಿದ್ದಳು: ನೀರಿನ ಟಾಕಿಯ ಹಿಂದಿನ ಗಲ್ಲಿ, ಹಸಿರು ಗೇಟು. ಅತ್ತ ಅವರು ಹೊರಟಾಗ ಇತ್ತ ನಾನು ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮೊಬೈಲ್ ಕಂಪನಿಯ ಅಂಗಡಿಗೆ ಹೋದೆ. ಅದೇ ನಂಬರಿನ ಹೊಸ ಸಿಮ್ ಬೇಕಿತ್ತು. ಸಿಮ್ ಬರೀ ಬಂದ್ ಮಾಡಿಸಿದರೆ ಸಾಲದು. ಬೇರೆ ಫೋನಿನ ಹಾಟ್‌ಸ್ಪಾಟ್ ಸಿಕ್ಕರೆ ಹಳೇ ಫೋನಿನಲ್ಲಿ ವಾಟ್ಸಾಪ್ ನಡೆಯುತ್ತಲೇ ಇರುತ್ತದೆ. ಅದೇ ನಂಬರನ್ನು ಇನ್ನೊಂದು ಫೋನಿನಲ್ಲಿ ವಾಟ್ಸಾಪಿಗೆ ಜೋಡಿಸಿದಾಗ ಮಾತ್ರ ಕಳ್ಳನ ಕೈಯಲ್ಲಿರುವ ಫೋನಿನಿಂದ ಅದು ಹೊರಬೀಳುತ್ತದೆ.

ಅವಳು ಆಧಾರ್ ಹೇಳಿ ಬೆರಳಚ್ಚು ಕೊಟ್ಟಳು. ಯಂತ್ರ ಅದನ್ನು ಮೂರು ಸಲ ತಿರಸ್ಕರಿಸಿತು. ಅಂಗಡಿಯವನು ನನ್ನ ಸಮವಸ್ತ್ರ ನೋಡಿ, “ಮೇಡಂ, ನಮ್ಮ ಕಡಿಂದ ಕಳಿಸೇನಿ. ಚಾಲೂ ಆಗೋದು ನಮ್ಮ ಕೈಯಾಗಿಲ್ರಿ,” ಎಂದ. ಹೊಸ ಸಿಮ್ಮನ್ನು ನನ್ನ ಫೋನಿನ ಎರಡನೇ ಸಿಮ್ಮಿನ ಜಾಗಕ್ಕೆ ಹಾಕಿಕೊಂಡು ಬಾಗಿಲಲ್ಲೇ ನಿಂತೆವು. ನೆಟ್‌ವರ್ಕಿನ ಗೆರೆ ಇರಬೇಕಾದ ಜಾಗದಲ್ಲಿ ಅಡ್ಡಗೀಟು.

ಆಗ ಬೀದರಿನಿಂದ ಕರೆ ಬಂತು. ಕೋಣೆಗೆ ಬೀಗ ಹಾಕಿತ್ತು. ಪೊಲೀಸರು ಮನೆಯ ಮಾಲಕಿಗೇ ಫೋನ್ ಕೊಟ್ಟರು. “ಆಕಿ ಆಗಲೇ ಹೋದಳ್ರಿ,” ಎಂದಳು ಆ ಹೆಂಗಸು. “ಅವ್ವ ಸೀರಿಯಸ್ ಅದಾಳಂತ ಅಕ್ಕನ ಮೆಸೇಜ್ ಬಂತಂತ. ಅಂಗನವಾಡಿಯಿಂದ ಕೂಸಿನ್ನ ಕರ್ಕೊಂಡು ಅಳ್ಕೋತ ಹೋದಳು. ಫೋನ್ ಹಚ್ಚಿದ್ರ ಅಕ್ಕ ಎತ್ತಲಿಲ್ಲಂತ. ಡಾಕ್ಟರ ಮುಂದ ಅದೀನಿ, ಮಾತಾಡ್ಲಿಕ್ಕಿ ಬರಲ್ಲ ಅಂತ ಬರದಾಳಂತ.”

“ಎಲ್ಲಿಗಿ ಬಾ ಅಂದಾಳ?”

“ಔರಾದ ಬಸ್ ಹತ್ತು ಅಂದಾಳಂತರಿ. ಜನವಾಡದಾಗ ಇಳಿ, ಅಲ್ಲಿ ಗಾಡಿ ತಗೊಂಡು ನಿಂತೀನಿ ಅಂದಾಳಂತ.”

ಜನವಾಡ ಬೀದರಿನಿಂದ ಔರಾದಕ್ಕೆ ಹೋಗುವ ದಾರಿಯಲ್ಲೇ ಇದೆ. ಬಸ್ಸಿಗೆ ಅರ್ಧ ಗಂಟೆಯೂ ಬೇಡ.

ತಾಯಿಯ ಹಳೇ ನಂಬರು ಮಹಾನಂದಾಗೆ ಬಾಯಿಗೆ ಬರುತ್ತಿತ್ತು. ನನ್ನ ಫೋನು ಖಾಲಿ ಇರಲೆಂದು ಅಂಗಡಿಯಲ್ಲಿ ಪಕ್ಕದಲ್ಲಿದ್ದವರ ಫೋನಿನಿಂದ ಮಾಡಿದೆವು. ಮುದುಕಿ ಗಟ್ಟಿ ದನಿಯಲ್ಲೇ, “ನನಗೇನಾಗ್ಯದ? ಅಂಗಳದಾಗ ತೊಗರಿ ಹಸನ ಮಾಡ್ಲಕತ್ತೀನಿ. ಯಾಕ ಅಳ್ತಿ?” ಎಂದು ಕೇಳಿದಳು. ಇದ್ದ ಒಂದು ಎಳೆ ಅನುಮಾನವೂ ಅಲ್ಲಿಗೆ ಮುಗಿಯಿತು. ಮೆಸೇಜು ಬರೆದವನು ಯಾರೆಂದು ಗೊತ್ತಾಯಿತು, ಅವನು ಎಲ್ಲಿ ಕಾಯುತ್ತಿದ್ದಾನೆಂದೂ ಗೊತ್ತಾಯಿತು. ಭಾಲ್ಕಿಯಲ್ಲಿ ನಿಂತ ನಮಗೆ ಅಲ್ಲಿಗೆ ತಲುಪುವ ದಾರಿ ಮಾತ್ರ ಇರಲಿಲ್ಲ.

ಇನ್ಸ್‌ಪೆಕ್ಟರರು ಜನವಾಡ ಠಾಣೆಗೆ ತಿಳಿಸಿದರು. ಠಾಣೆಯ ಜೀಪು ಯಾವುದೋ ಹಳ್ಳಿಗೆ ಹೋಗಿತ್ತು, ತಿರುಗಿ ಹೊರಟಿತ್ತು. ಠಾಣೆಯಲ್ಲಿದ್ದ ಪೇದೆಯೊಬ್ಬ ನಿಲ್ದಾಣದ ಕಡೆ ನಡೆದ. ಬೀದರಿನಿಂದ ಔರಾದದತ್ತ ಹೊರಟ ಬಸ್ಸುಗಳು ಒಂದರ ಹಿಂದೆ ಒಂದು ಇದ್ದವು. ಅವಳು ಯಾವುದರಲ್ಲಿ ಇದ್ದಾಳೋ ಯಾರಿಗೂ ಗೊತ್ತಿರಲಿಲ್ಲ.

ಅಡ್ಡಗೀಟು ಹೋಗಿ ಗೆರೆಗಳು ಬಂದವು. ಸಿಮ್ ಚಾಲೂ ಆಗಿತ್ತು.

ವಾಟ್ಸಾಪಿಗೆ ನಂಬರು ಹಾಕಿದೆ. ಒಟಿಪಿ ಬರಲಿಲ್ಲ. ಬದಲಿ ಸಿಮ್‌ಗೆ ಮೊದಲ ದಿನ ಎಸ್‌ಎಂಎಸ್ ಬರುವುದಿಲ್ಲ, ವಂಚಕರು ದುರುಪಯೋಗ ಮಾಡದಿರಲಿ ಎಂದು ಆ ತಡೆ ಇದೆ. ಆದರೆ ಕರೆ ಬರುತ್ತದೆ. ಕರೆ ಮಾಡಿ ಸಂಖ್ಯೆ ತಿಳಿಸುವ ಆಯ್ಕೆ ಒತ್ತಿದೆ. ಯಂತ್ರದ ದನಿ ಅಂಕಿಗಳನ್ನು ಹೇಳಿತು. ಒಂದು ಅಂಕಿ ತಪ್ಪಾಯಿತು, ಅಳಿಸಿ ಮತ್ತೆ ಒತ್ತಿದೆ. ವಾಟ್ಸಾಪ್ ತೆರೆಯಿತು. ಒಳಗೆ ಖಾಲಿ. ಹಳೇ ಮಾತುಕತೆ ಇಲ್ಲ, ಹೆಸರುಗಳಿಲ್ಲ. ಅವನ ಕೈಯಿಂದ ಅದು ಹೋಗಿತ್ತು, ಆದರೆ ಸುನೀತಾಳ ನಂಬರು ನಮಗೂ ಸಿಗಲಿಲ್ಲ. ಈಗ ಅವಳೇ ಏನಾದರೂ ಬರೆಯಬೇಕಿತ್ತು.

ಮಹಾನಂದಾ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದಿದ್ದಳು. “ಬರಿ ತಂಗಿ, ಬರಿ,” ಎಂದು ಪರದೆಯ ಜೊತೆ ಮಾತಾಡುತ್ತಿದ್ದಳು.

ಫೋನು ಕಂಪಿಸಿತು. ಹೆಸರಿಲ್ಲದ ಒಂದು ನಂಬರು. ‘ಅಕ್ಕಾ ಜನವಾಡ ಬಂತು. ಎಲ್ಲಿ ನಿಂತಿದಿ?’

ಆ ನಂಬರಿನ ಮೇಲೆ ಒತ್ತಿ ಕರೆ ಮಾಡಿ ಮಹಾನಂದಾಳ ಬಾಯಿಯ ಹತ್ತಿರ ಹಿಡಿದೆ. ಬಸ್ಸಿನ ಗದ್ದಲದ ನಡುವೆ, “ಅಕ್ಕಾ, ಅವ್ವ ಹ್ಯಾಂಗದಾಳ?” ಎಂಬ ದನಿ ಕೇಳಿತು.

“ಇಳಿಬ್ಯಾಡ! ಸುನೀ, ಇಳಿಬ್ಯಾಡ! ಅವ್ವಗ ಏನೂ ಆಗಿಲ್ಲ. ನನ್ನ ಫೋನ್ ಅಂವ ಕದ್ದಾನ. ಅಂವನೇ ಬರದಾನ!”

ಅತ್ತ ಕಡೆ ಬ್ರೇಕಿನ ಸದ್ದು, ಬಾಗಿಲು ತೆರೆದ ಸದ್ದು. ಆಮೇಲೆ ಮಗುವಿನ ದನಿ, ಸ್ಪಷ್ಟವಾಗಿ, ಸಂತೋಷದಿಂದ: “ಮಮ್ಮಿ, ಪಪ್ಪಾ ನಿಂತಾನ ನೋಡು.”

ನಾನು ಫೋನನ್ನು ಕಸಿದುಕೊಂಡೆ. “ಸುನೀತಾ, ನಾ ಪೊಲೀಸ್ ಮಾತಾಡೋದು. ಒಳಗ ಸರಿ. ಕಂಡಕ್ಟರ್ ಕೈಯಾಗ ಫೋನ್ ಕೊಡು.”

“ಹಲೋ, ಯಾರ್ರಿ?” ಎಂದ ಕಂಡಕ್ಟರ್.

“ಭಾಲ್ಕಿ ಠಾಣೆ ಎಎಸ್‌ಐ ಮಾತಾಡೋದು, ಅಣ್ಣಾ. ಆ ಹೆಣ್ಮಗಳ ಜೀವಕ್ಕ ಅಪಾಯ ಅದ. ಕೆಳಗ ನಿಂತಾಂವಗ ಹತ್ತಗೊಡಬ್ಯಾಡ್ರಿ. ಬಾಗಿಲಾ ಹಾಕಿ ಬಸ್ ಸೀದಾ ನಿಮ್ಮ ಜನವಾಡ ಠಾಣೆ ಮುಂದ ಒಯ್ರಿ.”

ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. “ರೈಟ್, ರೈಟ್!” ಎಂದು ಕೂಗಿದ್ದು ಕೇಳಿತು, ಬಾಗಿಲು ದಡಾರನೆ ಬಿತ್ತು. ಹೊರಗಿನಿಂದ ಯಾರೋ ಬಸ್ಸಿನ ತಗಡನ್ನು ಕೈಯಿಂದ ಬಡಿಯುತ್ತಿದ್ದರು. ಆ ಬಡಿತ ಸ್ವಲ್ಪ ದೂರ ಬಸ್ಸಿನ ಜೊತೆಗೇ ಓಡಿತು, ಆಮೇಲೆ ಹಿಂದೆ ಬಿತ್ತು. ಮಗು ಅಳತೊಡಗಿತು. ಠಾಣೆಯ ಅಂಗಳದಲ್ಲಿ ಬಸ್ಸು ನಿಂತು, ಪೊಲೀಸನೊಬ್ಬ ಫೋನಿನಲ್ಲಿ “ಬಂದಾರ್ರಿ ಮೇಡಂ, ಇಬ್ಬರೂ ಬಂದಾರ” ಎನ್ನುವವರೆಗೆ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಮಹಾನಂದಾ ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

ನಿಲ್ದಾಣಕ್ಕೆ ಹೊರಟಿದ್ದ ಪೇದೆ ಮುಟ್ಟುವಷ್ಟರಲ್ಲಿ ಸಂಜೀವ ಬೈಕನ್ನು ಅಲ್ಲೇ ಬಿಟ್ಟು ಕಬ್ಬಿನ ಹೊಲಕ್ಕೆ ನುಗ್ಗಿದ್ದ. ಹೊತ್ತು ಮುಳುಗುವ ಮುಂಚೆ ಸಿಕ್ಕಿಬಿದ್ದ. ಬೈಕಿನ ಚೀಲದಲ್ಲಿ ಒಂದು ಹೊಸ ಕುಡಗೋಲು ಇತ್ತು, ಅಂಗಡಿಯವರು ಸುತ್ತಿಕೊಟ್ಟ ಕಾಗದವನ್ನೂ ಬಿಚ್ಚಿರಲಿಲ್ಲ. ಹುಲ್ಲು ಕೊಯ್ಯಲು ತಂದದ್ದು ಎಂದ. ಭಾಲ್ಕಿ ನಿಲ್ದಾಣದ ಸಿಸಿಟಿವಿಯ ತುಣುಕನ್ನು ಕಳಿಸಿದಾಗ ಟವೆಲ್ ಸುತ್ತಿಕೊಂಡ ಅವನ ನಡಿಗೆಯನ್ನು ಅಕ್ಕತಂಗಿಯರಿಬ್ಬರೂ ಗುರುತಿಸಿದರು. ಕಳವು, ಆದೇಶದ ಉಲ್ಲಂಘನೆ, ಮಿಕ್ಕ ಕಲಮುಗಳು ಎಲ್ಲ ಸೇರಿ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಫೋನನ್ನು ಅವನು ಓಡುವಾಗ ಎಸೆದಿದ್ದ. ನಾವು ಆ ಸಂಜೆಯೇ ಐಎಂಇಐ ಬ್ಲಾಕ್ ಮಾಡಿಸಿದ್ದೆವು. ಕೆಲವು ವಾರಗಳ ನಂತರ ಮನ್ನಳ್ಳಿಯಲ್ಲಿ ಯಾರೋ ಅದಕ್ಕೆ ಸಿಮ್ ಹಾಕಿದಾಗ ಪೋರ್ಟಲಿನಿಂದ ನಮಗೆ ಸೂಚನೆ ಬಂತು. ಹೊಲದಲ್ಲಿ ಯಾರಿಗೋ ಸಿಕ್ಕು ಕೈಯಿಂದ ಕೈಗೆ ದಾಟಿದ್ದನ್ನು ಕೊಂಡಿದ್ದ ಪಾಪದ ಮನುಷ್ಯ, ತಂದು ಕೊಟ್ಟ.

ಫೋನ್ ವಾಪಸ್ ಕೊಡುವಾಗ ಸುನೀತಾ ಅಕ್ಕನ ಜೊತೆ ಬಂದಿದ್ದಳು. ನಾನು ಅವಳನ್ನು ಮೊದಲ ಸಲ ಕಂಡದ್ದು ಆಗಲೇ. ಮಾತು ಕಡಿಮೆ. ಹೊರಡುವಾಗ ಒಂದೇ ಮಾತು ಹೇಳಿದಳು: “ಮೇಡಂ, ಅದು ಅಕ್ಕನ ಮೆಸೇಜ್ ಅಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕಿತ್ತು? ಅಕ್ಕ ‘ಸುನೀ’ ಅಂತಾಳಲ್ಲ, ಅಂವನೂ ಹಂಗೇ ಬರದಿದ್ದ.” ಹಳೇ ಮಾತುಕತೆಯನ್ನೆಲ್ಲ ಓದಿ ಅಕ್ಕನ ದನಿಯನ್ನೇ ಕಲಿತಿದ್ದ.

ಈಗ ನಾನು ನಿವೃತ್ತಳು. ಬೀದರಿನಲ್ಲಿದ್ದೇನೆ. ಫೋನ್ ಕಳಕೊಂಡ ಪರಿಚಿತರು ಇಂದಿಗೂ ಏನು ಮಾಡಬೇಕೆಂದು ನನ್ನನ್ನೇ ಕೇಳುತ್ತಾರೆ. ಸಿಮ್ಮು, ಬ್ಯಾಂಕು, ದೂರು, ಪೋರ್ಟಲ್ ಎಲ್ಲವನ್ನೂ ಹೇಳುತ್ತೇನೆ, ಯಾವುದನ್ನೂ ಬಿಡುವಂತಿಲ್ಲ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಆ ಪ್ರಶ್ನೆಯನ್ನೇ: “ನಿಮ್ಮ ಫೋನಿನಿಂದ ‘ಬಾ’ ಅಂತ ಒಂದು ಮಾತು ಹೋದ್ರ, ಹಿಂದ ಮುಂದ ನೋಡದೆ ಹೊಂಟು ಬರೋರು ಯಾರದಾರ? ಮೊದಲು ಅವರಿಗಿ ಹೇಳ್ರಿ.”