ಗರಿಕೆ ಹಾಸಿದ ತಾರಸಿ

ನಮ್ಮ ಮನೆಯ ತಾರಸಿಯ ಮೇಲೆ ಗರಿಕೆ ಬೆಳೆಸಿದ್ದು ಅಂದಕ್ಕಲ್ಲ, ನನ್ನ ಗಂಡನ ನಿದ್ದೆಗಾಗಿ. ಅವರು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಬೆಳಿಗ್ಗೆ ರಾಮನಗರಕ್ಕೆ ಬಂದು, ಮುದ್ದೆ ಉಂಡು ಮಲಗುವ ಹೊತ್ತಿಗೆ ತಾರಸಿ ಕಾಯತೊಡಗುತ್ತಿತ್ತು. ನಮ್ಮದು ಒಂದೇ ಕೋಣೆ. ಮೇಲೆ ಮಹಡಿಯಿಲ್ಲ, ಪಕ್ಕದಲ್ಲಿ ಮರವಿಲ್ಲ, ಸುತ್ತಲೂ ಬೇರೆಯವರ ಗೋಡೆಗಳೇ. ಫ್ಯಾನು ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿತ್ತು. ಅವರು ಒದ್ದೆ ಟವೆಲ್ ಹೊದ್ದು ಹೊರಳಾಡುತ್ತಿದ್ದರು.

ಕಂಪನಿ ಬಸ್ಸಿನಲ್ಲಿ ಯಾರೋ ಮೊಬೈಲಿನಲ್ಲಿ ತೋರಿಸಿದರಂತೆ, ದೊಡ್ಡ ಊರುಗಳಲ್ಲಿ ಕಟ್ಟಡಗಳ ನೆತ್ತಿಯ ಮೇಲೆ ಮಣ್ಣು ಹರವಿ ಹುಲ್ಲು ಬೆಳೆಸುತ್ತಾರೆ, ಒಳಗೆ ತಂಪಾಗಿರುತ್ತದೆ ಎಂದು. ಮುಂದಿನ ರಜೆಯಲ್ಲೇ ಕೈಲಾಂಚದ ಕಡೆಯ ತಮ್ಮ ಊರಿಗೆ ಹೋಗಿ, ಕೆರೆಯ ಗೋಡುಮಣ್ಣನ್ನು ಚೀಲಗಳಲ್ಲಿ ತುಂಬಿ ಬೈಕಿನ ಮೇಲೆ ಹೇರಿಕೊಂಡು ಬಂದರು. ಹಾಗೆ ಎಷ್ಟೋ ಸಲ ಹೋಗಿ ಬಂದರು. ತಾರಸಿಗೆ ದಪ್ಪ ಟಾರ್ಪಾಲು ಹಾಸಿ, ಗೇಣು ದಪ್ಪವೂ ಇಲ್ಲದಷ್ಟು ಮಣ್ಣು ಹರವಿ, ಹೊಲದ ಬದುವಿನ ಗರಿಕೆ ತಂದು ನೆಟ್ಟರು.

ಎದುರು ಮನೆಯ ಅವರ ಗೆಳೆಯ ಕೆಳಗೆ ನಿಂತು ನಗುತ್ತಿದ್ದ.

“ಏನ್ಲಾ, ಮನೆ ಮ್ಯಾಲೆ ಹಸ ಕಟ್ತೀಯಾ?”

“ಹಸ ಯಾಕ್ಲಾ, ನೀನಿದ್ದೀಯಲ್ಲ. ಹೊಟ್ಟೆ ಹಸ್ದಾಗ ಬಂದ್ ಮೇಯ್ಕೊಂಡೋಗು.”

“ಮೋಲ್ಡು ಸೋರ್ಕಂಡು ನಿನ್ ತಲೆ ಮ್ಯಾಲೇ ಬೀಳ್ತದೆ, ಆಗ ಗೊತ್ತಾಯ್ತದೆ.”

“ಬೀಳ್ಲಿ ಬುಡ್ಲಾ, ತಣ್ಣಗಾದ್ರೂ ಬೀಳ್ತದೆ.”

ತಾರಸಿ ಸೋರಲಿಲ್ಲ, ಗರಿಕೆ ಹಬ್ಬಿತು. ಮಲಗುವ ಮುಂಚೆ ನನ್ನ ಗಂಡ ಮಂಚದ ಮೇಲೆ ನಿಂತು, ಕೈಯೆತ್ತಿ ತಾರಸಿಗೆ ಅಂಗೈ ಇಟ್ಟು ನೋಡುತ್ತಿದ್ದರು. ಎತ್ತರದ ಆಳು, ಕುಳ್ಳು ಗೋಡೆಯ ಮನೆ. “ಒಸಿ ತಂಪೈತೆ ಕಣೆ” ಎಂದು ಮಲಗಿದರೆ ಸಂಜೆಯವರೆಗೆ ಅಲುಗುತ್ತಿರಲಿಲ್ಲ.

ಆಮೇಲೆ ಕೆಮ್ಮು ಹಿಡಿಯಿತು. ಆಸ್ಪತ್ರೆಗಳನ್ನು ಸುತ್ತಿದೆವು. ಕೊನೆಯ ತಿಂಗಳುಗಳಲ್ಲಿ ಅವರು ಸಂಜೆಯಾದರೆ ತಾರಸಿಗೆ ಹತ್ತಿ ಗರಿಕೆಯ ಮೇಲೆ ಕೂರುತ್ತಿದ್ದರು. ಅಲ್ಲೇ ಕೆಮ್ಮುತ್ತಿದ್ದರು, ಅಲ್ಲೇ ಉಗುಳುತ್ತಿದ್ದರು. ಮೆಟ್ಟಿಲು ಹತ್ತಲಾಗದ ದಿನ ಬಂತು. ಅದಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ತಿಥಿ ಮುಗಿದ ಮರುದಿನ ಅವರ ಅಕ್ಕ ಮನೆ ತೊಳೆದರು. ಅಕ್ಕ ಊರಿನಲ್ಲಿ ರೇಷ್ಮೆ ಹುಳು ಸಾಕುವವರು. ಹುಳುವಿಗೆ ರೋಗ ಬಂದುಹೋದರೆ, ಸಾಕಣೆ ಮನೆಯನ್ನು ಬ್ಲೀಚಿಂಗ್ ಪೌಡರು, ಸುಣ್ಣದ ನೀರು ಹಾಕಿ ಮೂಲೆಮೂಲೆಯನ್ನೂ ತೊಳೆಯದೆ ಹೊಸ ಹುಳು ತರುವುದಿಲ್ಲ. ಇಲ್ಲಿಯೂ ಹಾಗೆಯೇ ತೊಳೆದರು. ನೆಲ, ಗೋಡೆ, ಮಂಚದ ಕಾಲು. ನಾನು ಬಾಗಿಲ ಬಳಿ ಒರಗಿ ಕೂತಿದ್ದೆ. ಅವರು ಬಕೆಟ್ ಹಿಡಿದು ಮೆಟ್ಟಿಲು ಹತ್ತಿದ್ದು ಕಂಡಿತು, ಮೇಲೆ ನೀರು ಸುರಿದ ಸದ್ದೂ ಕೇಳಿತು. ಯಾವುದೂ ತಲೆಗೆ ಹೋಗಲಿಲ್ಲ.

ಕೆಳಗಿಳಿದು ಸೆರಗಿನಲ್ಲಿ ಕೈ ಒರೆಸಿಕೊಂಡು ಅಕ್ಕ ಹೇಳಿದರು: “ಮ್ಯಾಲೂ ಎಲ್ಲಾ ಹುಯ್ದಿವ್ನಿ ಕಣವ್ವ. ಅವ್ನು ಕೆಮ್ಕಂಡ್ ಕೂರ್ತಿದ್ದ ಜಾಗ. ಅವ್ನಂತೂ ಹೋದ, ನಿಂಗೇನೂ ಅಂಟ್ಕಬಾರ್ದು.”

ಗರಿಕೆ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಂದಿತು. ಗರಿಕೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಬೇರಿದ್ದರೆ ಚಿಗುರುತ್ತದೆ ಎಂದು ಎದುರು ಮನೆಯ ಗೆಳೆಯ ಹೇಳಿದ. ಈಗ ಅವನು ನಗುತ್ತಿರಲಿಲ್ಲ. ದಿನವೂ ಕೊಡದಲ್ಲಿ ನೀರು ಹೊತ್ತು ಹಾಕಿದೆ. ತಾರಸಿಯ ಪೈಪಿನಿಂದ ಹೊರಗೆ ಬೀಳುವ ನೀರು ಬಹಳ ದಿನ ಬೆಳ್ಳಗೇ ಇತ್ತು. ಬೆರಳಿನಿಂದ ಕೆದಕಿ ನೋಡಿದರೆ ಬೇರು ಪುಡಿಯಾಗುತ್ತಿತ್ತು. ಮಳೆಗಾಲದಲ್ಲಿ ಅಡ್ಡಗೋಡೆಯ ಬಿರುಕಿನಲ್ಲಿ ಒಂದೆರಡು ಕಳೆ ಹುಟ್ಟಿದವು. ಮಣ್ಣಿನಲ್ಲಿ ಏನೂ ಹುಟ್ಟಲಿಲ್ಲ.

ಮಳೆ ನಿಂತ ಮೇಲೆ ಅಕ್ಕ ಬಂದರು. ತಾರಸಿಗೆ ಹತ್ತಿದವರು ಮೇಲಿನ ಮೆಟ್ಟಿಲಿನಲ್ಲೇ ನಿಂತುಬಿಟ್ಟರು.

“ಇದು ನಾನ್ ಹುಯ್ದಿದ್ದಕ್ಕಾ?”

“ಬಿಸಿಲಿಗೆ ಹೋಯ್ತು ಅಕ್ಕ.”

“ಸುಳ್ಳು ಯೋಳ್ಬ್ಯಾಡ. ಮಳೆ ಹುಯ್ದೈತೆ, ಯಾವ ಬಿಸ್ಲು?” ಬಗ್ಗಿ ಒಂದು ಹಿಡಿ ಮಣ್ಣೆತ್ತಿ ನೋಡಿದರು. “ಅವನ್ ಕೈಯಾರೆ ನೆಟ್ಟಿದ್ದು ಇದೊಂದೇ ಅಲ್ವಾ.”

ಅವರು ತೊಳೆದದ್ದು ನನ್ನ ಜೀವಕ್ಕಾಗಿ.

ಈಗ ಅಕ್ಕ ರೇಷ್ಮೆ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಬಂದಾಗಲೆಲ್ಲ ಬದುವಿನ ಗರಿಕೆ ಕಿತ್ತು ತರುತ್ತಾರೆ. ಸೆರಗು ಸಿಕ್ಕಿಸಿಕೊಂಡು ಕೂತು ನೆಡುತ್ತಾರೆ. “ಈ ಸಲ ಹಿಡೀತದೆ ನೋಡು” ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಅವರು ಹೋದ ಮೇಲೆ ನೀರೂ ಹಾಕುತ್ತೇನೆ. ಮತ್ತೆ ಅವರು ಬರುವಷ್ಟರಲ್ಲಿ ಅದು ಒಣಗಿರುತ್ತದೆ. ಅವರ ಕಣ್ಣಿಗೆ ಬೀಳದ ಹಾಗೆ ಕಿತ್ತು ಕಸದ ಗಾಡಿಗೆ ಹಾಕುತ್ತೇನೆ. ಹೊಸ ಮಣ್ಣು ತರೋಣವೆಂದು ಅಕ್ಕ ಹೇಳಿದ್ದಾರೆ. ಆ ಚೀಲಗಳನ್ನು ಹೊತ್ತು ತರುವವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತು.

ಬೇಸಿಗೆ ಬಂದಿದೆ. ಮಧ್ಯಾಹ್ನ ನನ್ನ ಗಂಡನ ಮಂಚದ ಮೇಲೆ ಮಲಗುತ್ತೇನೆ. ಮೇಲೆ ಬರಿಮಣ್ಣು ಕಾಯುತ್ತಿರುತ್ತದೆ, ಫ್ಯಾನು ಮೊದಲಿನ ಹಾಗೆಯೇ ಬಿಸಿಗಾಳಿ ತಳ್ಳುತ್ತದೆ. ಮಂಚದ ಮೇಲೆ ನಿಂತರೂ ನನ್ನ ಕೈ ತಾರಸಿಗೆ ಎಟುಕುವುದಿಲ್ಲ. ಮುಟ್ಟಿ ನೋಡಬೇಕಾಗಿಯೂ ಇಲ್ಲ.