ಚೌಕಾಸಿ ಇಲ್ಲದೆ ಕೊಟ್ಟ ಖಣ

ಅಕ್ಕವ್ವನನ್ನು ಅರಿವೆಯ ಹಾಗೆ ಬೆಳಕಿಗೆ ಹಿಡಿದು ನೋಡಿದರೆ ಹೀಗೆ: ಅಗಲ ಕಡಿಮೆ, ಬಾಳಿಕೆ ಜಾಸ್ತಿ. ಅರವತ್ತೇಳು ವರ್ಷ ಒಗೆದರೂ ಬಣ್ಣ ಬಿಟ್ಟಿಲ್ಲ. ಅಂಚು ಮಾತ್ರ ಹರಿತ, ಮುಟ್ಟಿದವರ ಕೈ ಕೊಯ್ಯುತ್ತದೆ.

ಉಣಕಲ್ಲಿನ ಒಂದು ಕೋಣೆಯಲ್ಲಿ ಮಿಷಿನ್ ಇಟ್ಟುಕೊಂಡು ಕೂಸುಗಳ ತಲೆ, ಬೆನ್ನು ಮುಚ್ಚುವ ಕುಂಚಿಗಿ ಹೊಲಿಯುತ್ತಾಳೆ. ಅದಕ್ಕೆ ಬೇಕಾದ ಖಣದ ಬಟ್ಟೆಯನ್ನು ಇಪ್ಪತ್ತೆಂಟು ವರ್ಷದಿಂದ ಧಾರವಾಡದ ನನ್ನ ಅಂಗಡಿಯಲ್ಲಿ ಕೊಳ್ಳುತ್ತಿದ್ದಳು. ಕೊಳ್ಳುತ್ತಿದ್ದಳು ಎನ್ನುವುದಕ್ಕಿಂತ ಕಸಿಯುತ್ತಿದ್ದಳು. ನಾನು ಹೇಳಿದ ದರದ ಅರ್ಧಕ್ಕೆ ಶುರು ಮಾಡಿ, ಎರಡು ಸಲ ಮುನಿಸಿಕೊಂಡು ಮೆಟ್ಟಿಲಿಳಿದು, ಎರಡು ಸಲವೂ ನಾನೇ ಕೂಗಿ ಕರೆಯುವಂತೆ ಮಾಡುತ್ತಿದ್ದಳು.

ಅವಳ ಅಕ್ಕನ ಮಗ ರಾಜರತ್ನ ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದಾನೆ. ಮರೆವಿನ ರೋಗವನ್ನು ಮೊದಲೇ ಪತ್ತೆ ಹಚ್ಚುವ ಅಧ್ಯಯನ ಅಲ್ಲಿ ನಡೆದಿತ್ತು. ರೋಗಿಗಳ ಮಿದುಳಿನ ಚಿತ್ರದ ಪಕ್ಕ ಇಟ್ಟು ಹೋಲಿಸಲು ಗಟ್ಟಿಮುಟ್ಟಾದ ಹಿರಿಯರು ಬೇಕಾಗಿದ್ದರು.

“ಚಿಗವ್ವಾ, ನಿನ್ನಂಥಾ ತಲಿ ಊರಾಗ ಇನ್ನೊಂದಿಲ್ಲ. ಅರ್ಧ ತಾಸು ಬಂದು ಮಲಕೊ.”

“ಸ್ಯಾಂಪಲ್ ಪೀಸ್ ಬೇಕಾಗೇತಿ ಅನ್ನು,” ಎಂದಳು ಅಕ್ಕವ್ವ. ಒಳಗೊಳಗೇ ಉಬ್ಬಿದ್ದಳು.

ಜಂಪರಿಗೆ ಚುಚ್ಚಿಕೊಂಡಿದ್ದ ಎಂಟು ಪಿನ್ನುಗಳನ್ನು ಎಣಿಸಿ ಕೊಟ್ಟು ಯಂತ್ರದೊಳಗೆ ಮಲಗಿದಳು. ಎದ್ದ ಮೇಲೆ ಎಣಿಸಿಯೇ ವಾಪಸು ಪಡೆದಳು. “ಸೂಜಿ ಮುರಿದ ಮಿಷಿನ್ನಿನಂಗ ಬಡಕೊಳ್ಳಾಕತ್ತಿತ್ತಲ್ಲೋ. ಏನರ ಕಂಡ್ರ ಮೊದ್ಲ ನನಗ ಹೇಳಬೇಕು ನೋಡು. ನನ್ನ ತಲಿ ಅದು.” ರಾಜರತ್ನ ಅವಳ ಕೈಯ ಮೇಲೆ ಕೈಯಿಟ್ಟು ಹೂಂ ಎಂದ.

ಚಿತ್ರದಲ್ಲಿ ನೆನಪು ಕಾಯುವ ಭಾಗ ವಯಸ್ಸಿಗೆ ಮೀರಿ ಸೊರಗಿ ಕಂಡಿತು. ಅಷ್ಟಕ್ಕೇ ರೋಗವೆನ್ನಲಾಗದು, ಬೇರೆ ಪರೀಕ್ಷೆಗಳೂ ಆಗಬೇಕು, ಅವರನ್ನು ಕರೆದುಕೊಂಡು ಬನ್ನಿ ಎಂದರು ಡಾಕ್ಟರು. “ನಾನ ಹೇಳತೇನ್ರಿ,” ಎಂದ ರಾಜರತ್ನ. ಹೇಳಿದ್ದೇನೋ ಹೌದು: ಹೆಂಡತಿಗೆ ಹೇಳಿದ, ಪಕ್ಕದ ಮನೆಯ ಹುಸೇನಬಿಗೆ ಹೇಳಿದ, ಫೋನು ಮಾಡಿ ನನಗೂ ಹೇಳಿದ. “ದರಕ್ಕ ಭಾಳ ಜಗಳಾಡಬ್ಯಾಡ್ರಿ ಸಾವಕಾರ್ರ, ತಲಿಗೆ ತ್ರಾಸ ಆಗ್ತೈತಿ.”

ಅಕ್ಕವ್ವನಿಗೆ ಸುತ್ತಲಿನವರ ನಡತೆ ವಿಚಿತ್ರವೆನಿಸತೊಡಗಿತು. ತಾನು ಕೊಟ್ಟ ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಓಣಿ ಕೇಳುವಂತೆ ಬೈಯುತ್ತಿದ್ದ ಹುಸೇನಬಿ ಈಗ “ಛಲೋ ಆಗೇತಿ” ಎಂದು ನೀರು ಕುಡಿದಳು. ಇವರಿಗೇನಾದರೂ ಜಡ್ಡು ಬಂದಿದೆಯೋ ಎಂದು ಅಕ್ಕವ್ವ ಮರುಗಿದಳು.

ಶ್ರಾವಣದಲ್ಲಿ ಅಂಗಡಿಗೆ ಬಂದಳು. ಹಸಿರು ಖಣ ಹಿಡಿದು ದರ ಕೇಳಿದಳು.

“ಮೀಟರಿಗೆ ನೂರಾಎಂಬತ್ತರಿ.”

“ತೊಂಬತ್ತು.”

“ಆತು, ಒಯ್ರಿ.”

ಅಕ್ಕವ್ವ ಬಟ್ಟೆಯ ಮೇಲಿನ ಕೈ ತೆಗೆದಳು.

“ಸಾವಕಾರ್ರ, ನಿಮ್ಮಪ್ಪ ಸತ್ತು ಹದಿನೈದು ದಿನಕ್ಕ ಬಂದಾಗೂ ನನಗ ಎರಡು ರೂಪಾಯಿ ಬಿಟ್ಟಿದ್ದಿಲ್ಲ ನೀವು. ಯಾರು ಏನು ಹೇಳ್ಯಾರ?”

ರಾಜರತ್ನ ಹೇಳಿದ್ದನ್ನೆಲ್ಲ ಬಾಯಿ ಬಿಟ್ಟೆ. ಅವಳು ಬೆಂಚಿನ ಮೇಲೆ ಕೂತು, ಬಿಚ್ಚಿದ್ದ ಖಣವನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತ ಕೇಳಿಸಿಕೊಂಡಳು.

“ಹುಸೇನಬಿಗೂ ಗೊತ್ತೈತಿ?”

“ಹೂಂರಿ.”

“ನಿಮಗೂ ಗೊತ್ತಿತ್ತು.” ಮಡಿಕೆ ಮುಗಿಯಿತು. “ಊರೆಲ್ಲಾ ನನ್ನ ತಲಿ ನೋಡೇತಿ. ನನಗೊಬ್ಬಾಕಿಗೆ ತೋರಿಸಿಲ್ಲ.”

ಅಲ್ಲೇ ಕೂತು ರಾಜರತ್ನನಿಗೆ ಫೋನು ಹಚ್ಚಿದಳು. “ನಾಳೆ ಡಾಕ್ಟರ ಕಡೆ ನಾನೊಬ್ಬಾಕಿನ ಹೋಗತೇನಿ. ನೀ ಬರಬ್ಯಾಡ. ಕೈ ಮ್ಯಾಲ ಕೈ ಇಟ್ಟಿದ್ದಿ ನೀ.” ಅಷ್ಟು ಹೇಳಿ ಇಟ್ಟುಬಿಟ್ಟಳು.

ಖಣ ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಕೂಗಿದೆ, ತಿರುಗಲಿಲ್ಲ.

ಈಗ ಎದುರಿನ ಇಕ್ಬಾಲನ ಅಂಗಡಿಗೆ ಹೋಗುತ್ತಾಳೆ. ಅವನಿಗೆ ಏನೂ ಗೊತ್ತಿಲ್ಲ, ಹಾಗಾಗಿ ರೂಪಾಯಿ ರೂಪಾಯಿಗೂ ಬಡಿದಾಡುತ್ತಾನೆ. ಅವಳು ಎರಡು ಸಲ ಮೆಟ್ಟಿಲಿಳಿಯುವುದು ಗಲ್ಲಾಪೆಟ್ಟಿಗೆಯ ಹಿಂದೆ ಕೂತ ನನಗೆ ಕಾಣುತ್ತದೆ.

ಅಕ್ಕವ್ವನಿಗೆ ನಾನು ಒಂದು ಚೌಕಾಸಿ ಕೊಡಬೇಕಿದೆ: ನೂರಾಎಂಬತ್ತರಿಂದ ಶುರುವಾಗಿ, ಒಂದು ರೂಪಾಯಿಯನ್ನೂ ಸುಮ್ಮನೆ ಬಿಟ್ಟುಕೊಡದಂಥದ್ದು.